ಆಂಟಿಯ ಪಕ್ಕದ ಮನೆ

ನಮ್ಮತ್ತೆಗೆ ಅವಸರ ಜಾಸ್ತಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದಷ್ಟೇ ಅಲ್ಲ, ಹೊಲಿಸಿದ್ದನ್ನು ಯಾರಿಗಾದರೂ ತೊಡಿಸಿಯೂ ಬಿಡುವವರು. ಸಿಂಗಾಪುರದ ಬುಕಿತ್ ಬಾಟೋಕ್‌ನಲ್ಲಿರುವ ನಮ್ಮ ಫ್ಲ್ಯಾಟನ್ನು ಮಾರೋಣವೇ ಎಂದು ನಾನೂ ನನ್ನ ಗಂಡನೂ ಊಟ ಮಾಡುತ್ತಾ ಮಾತಾಡಿಕೊಂಡಿದ್ದೆವು, ಅಷ್ಟೇ. ಏಜೆಂಟನ್ನು ಕಂಡಿರಲಿಲ್ಲ, ಬೆಲೆ ವಿಚಾರಿಸಿರಲಿಲ್ಲ. ಅದೇ ವಾರ ಒಂದು ಸಂಜೆ ನಾನು ತಂಜಾಂಗ್ ಪಗಾರ್‌ನ ಬ್ಯಾಂಕಿನಲ್ಲಿ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅತ್ತೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಪಕ್ಕದ ಮನೆಯ ಆಂಟಿಗೆ ತಾಂಬೂಲ ಕೊಟ್ಟೇಬಿಟ್ಟಿದ್ದರು. ಈ ಮನೆ ನಿಮ್ಮ ಮಗಳಿಗೇ, ಬೇರೆಯವರಿಗಿಲ್ಲ ಎಂದು ಅದರ ಅರ್ಥ. ಆಂಟಿ ಚೀನೀಯರು. ಆದರೂ ಎಲೆಯಡಿಕೆ ಕೊಟ್ಟರೆ ಮಾತು ಕೊಟ್ಟ ಹಾಗೆ ಎನ್ನುವುದು ಅವರಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅವರಿದ್ದ ಹಳ್ಳಿಯ ಮಲಯ್ ಮನೆಗಳಲ್ಲಿ ಮದುವೆ ಮಾತಿಗೆ ಎಲೆ ಕೊಡುವುದನ್ನು ನೋಡಿದ್ದರು. ತೆಂಗಿನಕಾಯಿಯನ್ನು ಎದೆಗೆ ಅವುಚಿಕೊಂಡು ಅತ್ತರಂತೆ.

ನಾನು ರೇಗಿದೆ. ಮನೆ ಮಾರುವುದೆಂದರೆ ಸಂತೆಯಲ್ಲಿ ಸೊಪ್ಪು ಮಾರಿದ ಹಾಗಲ್ಲ, ಈ ಊರಿನಲ್ಲಿ ಪ್ರತಿಯೊಂದಕ್ಕೂ ಒಂದು ರೂಲ್ ಇರುತ್ತದೆ, ಒಂದು ಮಾತು ಕೇಳಬಾರದಿತ್ತೇ ಎಂದೆ. ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದವರು ತಲೆ ಎತ್ತಲಿಲ್ಲ.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನಂತೂ ಆಡಿಯಾಯ್ತು ಕಣಮ್ಮ.”

ಮನೆ ಬದಲಾಯಿಸಲು ನಮಗಿದ್ದ ಕಾರಣ ದೊಡ್ಡದೇನಲ್ಲ. ನನ್ನ ಗಂಡನ ಕಂಪನಿ ಪಾಯಾ ಲೆಬಾರ್‌ಗೆ ಶಿಫ್ಟ್ ಆಗಿತ್ತು. ಸಿಂಗಾಪುರ ಚಿಕ್ಕ ದ್ವೀಪ ಎಂದು ನೋಡಲು ಬಂದವರು ಹೇಳುತ್ತಾರೆ. ದಿನಾ ಪಶ್ಚಿಮದಿಂದ ಪೂರ್ವಕ್ಕೆ ಎಂಆರ್‌ಟಿ ರೈಲಿನಲ್ಲಿ ನಿಂತು ಹೋಗಿ ನಿಂತು ಬರುವವರ ಸೊಂಟವನ್ನು ಕೇಳಬೇಕು. ಜೊತೆಗೆ ನನಗೂ ಒಂದು ಆಸೆ ಇತ್ತು, ಸ್ವಲ್ಪ ದೊಡ್ಡ ಅಡುಗೆಮನೆ. ಇಷ್ಟೇ ನಮ್ಮ ಕಥೆ.

ಆಂಟಿಯ ಕಥೆ ಹಾಗಲ್ಲ. ಅವರಿಗೆ ಎಪ್ಪತ್ತೈದು ದಾಟಿದೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನಮ್ಮ ಬಾಗಿಲು, ಅವರ ಬಾಗಿಲು ಒಂದೇ ಕಾರಿಡಾರಿನಲ್ಲಿ ಅಕ್ಕಪಕ್ಕ. ಅವರ ಭಾಷೆ ಹೊಕ್ಕಿಯೆನ್. ನನ್ನೊಡನೆ ತರಕಾರಿ ಮಾರ್ಕೆಟ್ಟಿನ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಅತ್ತೆಯೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾರೋ ದೇವರೇ ಬಲ್ಲ. ಅತ್ತೆ ಅವರನ್ನು ಆಂಟಿ ಎನ್ನುತ್ತಾರೆ, ಅವರೂ ಅತ್ತೆಯನ್ನು ಆಂಟಿ ಎನ್ನುತ್ತಾರೆ, ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಸಂಜೆಯಾದರೆ ಕಾರಿಡಾರಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಚೀನೀಯರು ಸತ್ತ ಹಿರಿಯರಿಗಾಗಿ ಬಂಗಾರದ ಬಣ್ಣದ ಕಾಗದ ಮಡಿಸಿ ಸುಡುವ ತಿಂಗಳಿನಲ್ಲಿ ಅತ್ತೆಯೂ ಕೂತು ಮಡಿಸಿಕೊಡುತ್ತಾರೆ. ನಮ್ಮ ಪಿತೃಪಕ್ಷವೇ ಕಣೇ ಇದು, ಎಳ್ಳು ಇಲ್ಲ ಅಷ್ಟೇ ಎಂದು ನನಗೆ ವಿವರಿಸಿದ್ದರು.

ಹೋದ ವರ್ಷ ಆಂಟಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಈಗ ಮನೆಯೊಳಗೆ ಕೋಲು, ಹೊರಗೆ ಗಾಲಿಕುರ್ಚಿ. ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸ್, ದ್ವೀಪದ ಇನ್ನೊಂದು ತುದಿಯಲ್ಲಿ ಮನೆ. ಡ್ಯೂಟಿ ಮುಗಿಸಿ, ಊರು ದಾಟಿ ಬಂದು, ಅಮ್ಮನಿಗೆ ಸ್ನಾನ ಮಾಡಿಸಿ, ಗಂಜಿ ಕಾಯಿಸಿಟ್ಟು, ಮತ್ತೆ ಊರು ದಾಟಿ ಹೋಗುತ್ತಿದ್ದಳು. ಕಣ್ಣಿನ ಕೆಳಗೆ ಮಸಿ ಬಳಿದ ಹಾಗಿರುತ್ತಿತ್ತು. ನನ್ನ ಮನೆಗೆ ಬಾ ಎಂದು ಅಮ್ಮನನ್ನು ಕರೆದಳು, ಆಂಟಿ ಒಪ್ಪಲಿಲ್ಲ. ಹಾಗಾದರೆ ವೃದ್ಧಾಶ್ರಮವೇ ಗತಿ, ಹೀಗೇ ಒಬ್ಬಳನ್ನೇ ಬಿಡಲು ನನ್ನಿಂದ ಆಗುವುದಿಲ್ಲ ಎಂದಳು. ಆಂಟಿ ಅದಕ್ಕೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಗಳ ಮನೆಗೆ ಹೋಗಲು ಏನು ಕಷ್ಟ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅಳಿಯ ಹಡಗಿನಲ್ಲಿ ಕೆಲಸ, ಯಾವಾಗ ಬರುತ್ತಾನೋ ಯಾವಾಗ ಹೋಗುತ್ತಾನೋ, ಮನೆಯೂ ಚಿಕ್ಕದು ಎಂದಿದ್ದರು. ನಾವು ಯಾರೂ ಆ ಅಳಿಯನನ್ನು ನೋಡಿರಲಿಲ್ಲ. ಪಾಪ, ಸಮುದ್ರದ ಮೇಲೆ ಏನು ತಿನ್ನುತ್ತಾನೋ ಎಂದು ಅತ್ತೆ ಮರುಗುತ್ತಿದ್ದರು.

ಈಗ ನಮ್ಮ ಮನೆ ಮಗಳಿಗೆ ಸಿಕ್ಕಿದರೆ ಎಲ್ಲವೂ ಸರಿಹೋಗುತ್ತಿತ್ತು. ಆಂಟಿ ತಮ್ಮ ಮನೆಯಲ್ಲೇ ಇರುತ್ತಾರೆ, ಗೋಡೆಯಾಚೆ ಮಗಳು. ರೇಗಿದೆನೇ ಹೊರತು ನನಗೂ ಅತ್ತೆಯ ಯೋಚನೆ ಹಿಡಿಸಿತು. ಯಾರಿಗೋ ಮಾರುವುದನ್ನು ಇವರಿಗೇ ಮಾರಿದರೆ ಗಂಟೇನು ಹೋಗುತ್ತದೆ.

ರೂಲ್ ಅಡ್ಡ ಬಂದದ್ದು ಆಮೇಲೆ. ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲಿ ಒಂದೊಂದು ಬ್ಲಾಕಿಗೂ ಚೀನೀಯರು ಇಷ್ಟು, ಮಲಯ್‌ಗಳು ಇಷ್ಟು, ಭಾರತೀಯರೂ ಇತರರೂ ಇಷ್ಟು ಎಂದು ಮಿತಿ ಇದೆ. ಒಂದು ಜನಾಂಗದವರು ಒಂದೇ ಕಡೆ ಗುಂಪುಕಟ್ಟಿಕೊಂಡು ತಮ್ಮದೇ ಕೇರಿ ಮಾಡಿಕೊಳ್ಳಬಾರದು ಎಂದು ಮಾಡಿದ್ದು. ನಮ್ಮ ಬ್ಲಾಕಿನಲ್ಲಿ ಚೀನೀಯರ ಪಾಲು ತುಂಬಿಹೋಗಿತ್ತು. ಭಾರತೀಯರಾದ ನಾವು ಮಾರಿದರೆ ಭಾರತೀಯರಿಗೆ ಮಾರಬಹುದು, ಮಲಯ್‌ಗಳಿಗೆ ಮಾರಬಹುದು, ಚೀನೀಯರಿಗೆ ಮಾರುವ ಹಾಗಿಲ್ಲ. ಮಗಳೇ ಇದನ್ನು ನೋಡಿ ಬಂದು ಹೇಳಿದಳು. ಹೇಳುವಾಗ ಅಮ್ಮನ ಮುಖ ನೋಡಲಿಲ್ಲ. ನನಗೆ ನಾಚಿಕೆಯಾಯಿತು; ಬ್ಯಾಂಕಿನಲ್ಲಿ ಕೂತು ಊರಿನವರ ಗೃಹಸಾಲ ನೋಡುವವಳು ನಾನು, ನನಗೆ ಇದು ಹೊಳೆದಿರಲಿಲ್ಲ.

ಅತ್ತೆಗೆ ಅರ್ಥ ಮಾಡಿಸಲು ಒಂದು ಸಂಜೆ ಹಿಡಿಯಿತು. ಬೆಂಗಳೂರಿನಲ್ಲಿ ಜಾತಿ ಕೇಳಿ ಬಾಡಿಗೆಗೆ ಕೊಡುತ್ತಾರಲ್ಲ, ಹಾಗೆಯೇ ಎಂದು ಕೇಳಿದರು. ಅಲ್ಲ ಅತ್ತೆ, ಅದರ ತಿರುಗಾಮುರುಗಾ ಎಂದೆ. ಅಲ್ಲಿ ಬೇರೆಯವರು ಪಕ್ಕಕ್ಕೆ ಬರಬಾರದು ಎಂದು ಕೇಳುತ್ತಾರೆ, ಇಲ್ಲಿ ಬೇರೆಯವರು ಪಕ್ಕಕ್ಕೆ ಬರಲೇಬೇಕು ಎಂದು ಕೇಳುತ್ತಾರೆ. ಈ ರೂಲ್ ಇಲ್ಲದಿದ್ದರೆ ನಾವೂ ಲಿಟಲ್ ಇಂಡಿಯಾದ ಹತ್ತಿರವೇ ಎಲ್ಲೋ ನಮ್ಮವರ ನಡುವೆ ಮನೆ ಮಾಡಿಕೊಂಡಿರುತ್ತಿದ್ದೆವು, ನಿಮಗೆ ಈ ಆಂಟಿಯೇ ಸಿಗುತ್ತಿರಲಿಲ್ಲ ಎಂದೆ. ಅತ್ತೆ ಕೇಳಿಸಿಕೊಂಡು, ರೂಲ್ ಒಳ್ಳೆಯದೇ, ಆದರೆ ನಾನು ಕೊಟ್ಟ ಮಾತು ಏನಾಗಬೇಕು ಎಂದರು.

ಎಂಪಿಯನ್ನು ಕೇಳೋಣ ಎಂದವರು ಆಂಟಿ. ಇಲ್ಲಿ ಪ್ರತಿ ವಾರ ಒಂದು ಸಂಜೆ ಆಯಾ ಪ್ರದೇಶದ ಎಂಪಿ ಯಾವುದಾದರೂ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಎಂದರೆ ಕಟ್ಟಡದ ಕೆಳಗಿನ ಖಾಲಿ ಅಂಗಳದಲ್ಲಿ, ಮೇಜು ಹಾಕಿಕೊಂಡು ಕೂರುತ್ತಾರೆ. ಯಾರು ಬೇಕಾದರೂ ಹೋಗಿ ಕಷ್ಟ ಹೇಳಿಕೊಳ್ಳಬಹುದು. ಇಷ್ಟು ವರ್ಷ ಒಂದು ಎಲೆಕ್ಷನ್ನೂ ತಪ್ಪಿಸದೆ ವೋಟು ಹಾಕಿದ್ದೇನೆ, ಒಂದು ಸಲವೂ ಏನೂ ಕೇಳಿಲ್ಲ, ಈಗ ಕೇಳುತ್ತೇನೆ ಎಂದರು ಆಂಟಿ. ಮಗಳಿಗೆ ಇಷ್ಟವಿರಲಿಲ್ಲ. ಆದರೂ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ನಾನು ಹೋದೆ. ಅತ್ತೆ ತಮ್ಮ ಮಾತಿನ ವಿಷಯ ತಾವೇ ಹೇಳುತ್ತೇನೆಂದು ರೇಷ್ಮೆ ಸೀರೆ ಉಟ್ಟು ಹೊರಟರು. ಅವರು ಇಲ್ಲಿ ಪಾಸಿನ ಮೇಲೆ, ಎಂದರೆ ವೀಸಾದ ಮೇಲೆ ಇರುವವರು, ವೋಟಿಲ್ಲ. ಸೀರೆಯ ಗತ್ತು ನೋಡಿದರೆ ಆ ಪ್ರದೇಶದ ವೋಟೆಲ್ಲ ಅವರದೇ ಎನ್ನಬೇಕು.

ಟೋಕನ್ ತೆಗೆದುಕೊಂಡು ಕಾದೆವು. ಮೊದಲು ನಮ್ಮ ವಿಷಯ ಬರೆದುಕೊಳ್ಳಲು ಒಬ್ಬಳು ಚಿಕ್ಕ ವಯಸ್ಸಿನ ಸ್ವಯಂಸೇವಕಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು, ಮುಖದಲ್ಲಿ ಒಳ್ಳೆಯತನ ಇತ್ತು. ಎಲ್ಲ ಕೇಳಿಸಿಕೊಂಡಳು. ಅಪೀಲು ಬರೆಯಬಹುದು, ಆದರೆ ಈ ಮಿತಿಯನ್ನು ಸಡಿಲಿಸುವುದು ಕಷ್ಟ ಎಂದಳು. ಮನೆ ಕೊಳ್ಳುವವರು ಯಾರ್ಯಾರು ಎಂದು ಕೇಳಿದಳು. ನಾನು ಮತ್ತು ನನ್ನ ಗಂಡ ಎಂದಳು ಮಗಳು. ಗಂಡನೂ ಚೀನೀಯರೇ ಎಂದು ಆ ಹುಡುಗಿ ಕೇಳಿದಳು.

ಮಗಳು ಅಮ್ಮನ ಕಡೆ ನೋಡಿದಳು. ಆಂಟಿ ಕೆಳಗೆ ನೋಡುತ್ತಿದ್ದರು. ಸ್ವಯಂಸೇವಕಿ ಮತ್ತೊಮ್ಮೆ ಕೇಳಿದಳು.

“ಅಲ್ಲ. ಇಂಡಿಯನ್,” ಎಂದಳು ಮಗಳು.

ಆ ಹುಡುಗಿಯ ಮುಖ ಅರಳಿತು. ಹಾಗಾದರೆ ಅಪೀಲೇ ಬೇಡ ಎಂದಳು. ಗಂಡ ಹೆಂಡತಿ ಬೇರೆ ಬೇರೆ ಜನಾಂಗದವರಾದರೆ ಇಬ್ಬರಲ್ಲಿ ಯಾರ ಲೆಕ್ಕದಲ್ಲಿ ಬೇಕಾದರೂ ಮನೆ ತೆಗೆದುಕೊಳ್ಳಬಹುದು, ನಿಮ್ಮ ಗಂಡನ ಕಡೆಯಿಂದ ಇಂಡಿಯನ್ ಕುಟುಂಬ ಎಂದು ಅರ್ಜಿ ಹಾಕಿ, ಆಗಿಹೋಗುತ್ತದೆ ಎಂದಳು. ಅವಳಿಗೆ ಒಳ್ಳೆಯ ಸುದ್ದಿ ಕೊಟ್ಟ ಸಂತೋಷ. ಅತ್ತೆಗೆ ಇಂಗ್ಲಿಷ್ ಬರದಿದ್ದರೂ ಇಂಡಿಯನ್ ಎಂದದ್ದು ಕೇಳಿಸಿತ್ತು. ಯಾರು, ನಾವೇ ಎಂದು ನನ್ನ ತೋಳು ತಿವಿದು ಕೇಳಿದರು. ಆಂಟಿ ಮಗಳಿಗೆ ಹೊಕ್ಕಿಯೆನ್‌ನಲ್ಲಿ ಒಂದೇ ಮಾತು ಹೇಳಿದರು. ಮಗಳು ಕುರ್ಚಿ ತಿರುಗಿಸಿ ಹೊರಟುಬಿಟ್ಟಳು. ಎಂಪಿಯ ಮೇಜಿನವರೆಗೆ ನಾವು ಹೋಗಲೇ ಇಲ್ಲ.

ಅಮ್ಮನನ್ನು ಮನೆಯೊಳಗೆ ಮಲಗಿಸಿ ಬಂದು ಮಗಳು ಕಾರಿಡಾರಿನಲ್ಲಿ ನನಗೆ ಎಲ್ಲ ಹೇಳಿದಳು. ಅವಳ ಗಂಡ ಇಲ್ಲೇ ಹುಟ್ಟಿದ ತಮಿಳರವನು. ಹಡಗಿನಲ್ಲಿ ಅಲ್ಲ, ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವವನು, ದಿನಾ ಸಂಜೆ ಮನೆಗೆ ಬರುವವನು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಆಂಟಿ ಮದುವೆಗೆ ಹೋಗಲಿಲ್ಲ, ಅವನನ್ನು ಮನೆಗೆ ಸೇರಿಸಲಿಲ್ಲ, ಅವನ ಹೆಸರನ್ನು ಬಾಯಿಂದ ಆಡಲಿಲ್ಲ. ಮಿತಿಯ ವಿಷಯ ಗೊತ್ತಾದ ದಿನವೇ ಈ ದಾರಿಯೂ ಅವಳಿಗೆ ಗೊತ್ತಿತ್ತು.

“ಅವರು ಬೇಡ, ಅವರ ಜನಾಂಗ ಮಾತ್ರ ಬೇಕು ಅಂದ್ರೆ ಹೇಗೆ? ಅಮ್ಮ ಬಾಯಿಬಿಟ್ಟು ಕರೀಲಿ. ಅಲ್ಲೀವರೆಗೂ ಆ ಅರ್ಜಿಗೆ ನಾನು ಸೈನ್ ಹಾಕಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನಾನು ಮಾಡಿದ ಚಿತ್ರಾನ್ನ, ಒಬ್ಬಟ್ಟು ತಿಂದವರು. ಜ್ವರ ಬಂದಾಗ ಅತ್ತೆಯಿಂದ ಕಷಾಯ ಕುಡಿದವರು. ಪಕ್ಕದ ಮನೆಯಲ್ಲಿ ಭಾರತೀಯರು ಇರಬಹುದು, ಮನೆಯೊಳಗೆ ಬರಬಾರದು! ನಮ್ಮ ಎದುರಿಗೆ ನಾಚಿಕೆಯಾಗಿ ಹಡಗಿನ ಕಥೆ ಕಟ್ಟಿದ್ದಾರೆ ಎನ್ನುವುದು ನನಗೆ ಸಮಾಧಾನವನ್ನೇನೂ ತರಲಿಲ್ಲ, ಇನ್ನಷ್ಟು ಸಿಟ್ಟು ತಂದಿತು. ಮರುದಿನದಿಂದ ಅವರ ಬಾಗಿಲ ಮುಂದೆ ಹಾದುಹೋಗುವಾಗ ಫೋನ್ ನೋಡಿಕೊಂಡು ಹೋದೆ. ಅವರ ಕಬ್ಬಿಣದ ಗೇಟೂ ತೆರೆಯಲಿಲ್ಲ.

ನನಗೆ ಇಷ್ಟು ಉರಿಯಲು ಇನ್ನೊಂದು ಕಾರಣವಿತ್ತು. ನಮ್ಮದು ಜಾತಿ ಮೀರಿದ ಮದುವೆ. ನನ್ನ ತವರು ಮಾಂಸ ಬೇಯುವ ಮನೆ, ಗಂಡನದು ಈರುಳ್ಳಿಗೂ ವಾರ ನೋಡುವ ಮನೆ. ಇಬ್ಬರದೂ ಮೈಸೂರೇ. ಮದುವೆಯಾಗಿ ಎರಡು ವರ್ಷ ಅತ್ತೆ ಮಾವ ನನ್ನನ್ನು ಹೊಸಿಲು ದಾಟಿಸಲಿಲ್ಲ. ಹಬ್ಬಕ್ಕೆ ಗಂಡ ಒಬ್ಬರೇ ಅಲ್ಲಿಗೆ ಹೋಗುತ್ತಿದ್ದರು, ನಾನು ನನ್ನ ತಾಯಿಯ ಮನೆಯಲ್ಲಿ ಹೊಸ ಸೀರೆ ಉಟ್ಟು ಕೂತಿರುತ್ತಿದ್ದೆ. ಮಾವನಿಗೆ ಖಾಯಿಲೆಯಾಗಿ ಆಸ್ಪತ್ರೆ ಸೇರಿದಾಗ ನಾನಾಗಿಯೇ ಹೋಗಿ ರಾತ್ರಿ ಹಗಲು ನೋಡಿಕೊಂಡೆ. ಆಮೇಲೆ ಬಾಗಿಲು ತಾನಾಗಿ ತೆರೆಯಿತು. ಈಗ ಅತ್ತೆ ಹನ್ನೊಂದು ವರ್ಷದಿಂದ ನನ್ನ ಜೊತೆಗೇ ಇದ್ದಾರೆ. ನಾನು ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಚಿಕನ್ ರೈಸ್ ತಿಂದು ಬರುವುದು ಅವರಿಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಅವರಿಗೆ ತಲೆ ಬಾಚಿ ಎಣ್ಣೆ ಹಚ್ಚುವವಳು ನಾನೇ. ಎಲ್ಲ ಮಾತಾಡುತ್ತೇವೆ, ಆ ಎರಡು ವರ್ಷದ ವಿಷಯ ಬಿಟ್ಟು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಬೀದಿದೀಪದ ಕಂಬಗಳಿಗೆಲ್ಲ ಫೋಟೋಗಳು ಹತ್ತಿದವು. ಇಲ್ಲಿಯ ನಮ್ಮ ಕ್ಷೇತ್ರದಲ್ಲಿ ಒಬ್ಬೊಬ್ಬರೇ ನಿಲ್ಲುವುದಿಲ್ಲ, ಒಂದು ತಂಡವೇ ನಿಲ್ಲುತ್ತದೆ, ತಂಡದಲ್ಲಿ ಒಬ್ಬರಾದರೂ ಚೀನೀಯರಲ್ಲದವರು ಇರಲೇಬೇಕು. ಅತ್ತೆ ಮಾರ್ಕೆಟ್ಟಿಗೆ ಹೋಗುವಾಗ ಪ್ರತಿ ಕಂಬದ ಕೆಳಗೆ ನಿಂತು ಮುಖಗಳನ್ನು ನೋಡುತ್ತಿದ್ದರು. ಇವರೂ ಒಂದು ಬ್ಲಾಕ್ ಇದ್ದ ಹಾಗೆ ಇದ್ದಾರಲ್ಲೇ ಎಂದರು. ಒಂದು ಸಂಜೆ ಅಭ್ಯರ್ಥಿಗಳು ಬಾಗಿಲು ಬಾಗಿಲಿಗೆ ಕೈಮುಗಿಯುತ್ತಾ, ಕೈಕುಲುಕುತ್ತಾ ಬಂದರು. ಆಂಟಿಯ ಗೇಟನ್ನು ತಟ್ಟಿದರು. ಒಳಗೆ ಟಿವಿ ಸದ್ದು ಕೇಳುತ್ತಿತ್ತು, ಯಾರೂ ಬರಲಿಲ್ಲ. ಕರಪತ್ರವನ್ನು ಗೇಟಿಗೆ ಸಿಕ್ಕಿಸಿ ಹೋದರು.

ಮಗಳು ಬರುವುದು ಬಿಡಲಿಲ್ಲ, ಆದರೆ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತಿದೆ, ಮುಂದಿನ ತಿಂಗಳು ಸೇರಿಸುತ್ತೇನೆ ಎಂದು ನನಗೆ ಹೇಳಿ ಹೋದಳು. ಅಮ್ಮ ಒಪ್ಪಿದರೇ ಎಂದು ಕೇಳಿದೆ. ಅಲ್ಲಿಗಾದರೆ ಬರುತ್ತೇನೆ ಅಂದಿದ್ದಾರೆ ಎಂದಳು. ಅಳಿಯನ ಮನೆಗಿಂತ ಅದೇ ವಾಸಿ ಎನಿಸಿತಲ್ಲ ಆ ಮುದುಕಿಗೆ ಎಂದು ನಾನು ಅತ್ತೆಯ ಎದುರು ಹಲ್ಲು ಕಚ್ಚಿ ಹೇಳಿದೆ. 

ಮತದಾನದ ಹಿಂದಿನ ದಿನ ಇಲ್ಲಿ ಪ್ರಚಾರವೆಲ್ಲ ಬಂದ್. ಮೈಕಿಲ್ಲ, ಭಾಷಣವಿಲ್ಲ. ಎರಡು ವಾರದ ಗಲಾಟೆ ಆದಮೇಲೆ ಇದೇನು ಊರಿಗೆ ಊರೇ ಮೌನ ಎಂದು ಅತ್ತೆ ಕೇಳಿದರು. ಜನ ಸಮಾಧಾನವಾಗಿ ಕೂತು ಯೋಚನೆ ಮಾಡಲಿ ಎಂದು ಸರ್ಕಾರ ಕೊಟ್ಟಿರುವ ದಿನ ಎಂದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡರು.

“ಬಾ, ಆಂಟಿ ಮನೆಗೆ ಹೋಗೋಣ. ನನ್ನ ಮಾತು ಅವರಿಗೆ ನೀನು ಹೇಳ್ಬೇಕು.”

ನಾನು ಬರುವುದಿಲ್ಲ ಎಂದೆ. ಅತ್ತೆ ನನ್ನ ಕೈ ಹಿಡಿದುಕೊಂಡೇ ಹೋಗಿ ಗೇಟು ಬಡಿದರು. ಆಂಟಿ ಕೋಲೂರಿಕೊಂಡು ಬಂದು ತೆಗೆದರು. ನನ್ನನ್ನು ನೋಡಿ ಕಣ್ಣು ತಪ್ಪಿಸಿದರು. ತುಂಬ ಇಳಿದುಹೋಗಿದ್ದರು, ನನ್ನ ಸಿಟ್ಟು ಅಲ್ಲೇ ಸ್ವಲ್ಪ ಕರಗಿತು. ಅವರ ತೀರಿಕೊಂಡ ಗಂಡನ ಫೋಟೋ ಇದ್ದ ಪೂಜೆಯ ಮಂಟಪದ ಪಕ್ಕದಲ್ಲಿ ಮೂವರೂ ಕೂತೆವು.

ಅತ್ತೆ ಕನ್ನಡದಲ್ಲಿ ಶುರು ಮಾಡಿದರು, ನಿಧಾನವಾಗಿ, ನಾನು ಹೇಳಲು ಜಾಗ ಬಿಟ್ಟು. ನಾನು ಆಂಟಿಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಈ ಹುಡುಗಿ ನನ್ನ ಮಗನನ್ನು ಮದುವೆಯಾದಾಗ ಇವಳ ಜಾತಿ ಬೇರೆ ಎಂದು ನಾನು ಮನೆಗೆ ಸೇರಿಸಲಿಲ್ಲ ಎಂದರು. ಹೇಳಿದೆ. ನೆಂಟರು, ನೆರೆಹೊರೆಯವರು ಸೊಸೆ ಎಲ್ಲಿ ಎಂದು ಕೇಳಿದರೆ ಬೊಂಬಾಯಿಯಲ್ಲಿ ಟ್ರೈನಿಂಗಿಗೆ ಹೋಗಿದ್ದಾಳೆ ಎನ್ನುತ್ತಿದ್ದೆ ಎಂದರು.

ನಾನು ನಿಲ್ಲಿಸಿಬಿಟ್ಟೆ. ಇದು ನನಗೆ ಗೊತ್ತೇ ಇರಲಿಲ್ಲ. ಆಗ ನಾನು ಅವರ ಮನೆಯಿಂದ ಎರಡು ಬೀದಿಯಾಚೆ ಅಮ್ಮನ ಮನೆಯಲ್ಲಿ ಇದ್ದೆ, ಅದೇ ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುತ್ತಿದ್ದೆ. ಅತ್ತೆ, ಇದನ್ನು ನಾನು ಹೇಳುವುದಿಲ್ಲ ಎಂದೆ.  ಅತ್ತೆ ನನ್ನ ಮಂಡಿಯ ಮೇಲೆ ಕೈ ಇಟ್ಟರು.

“ಹೇಳು ಮಗಳೇ. ಅವರಿಗೂ ಹೇಳು, ನೀನೂ ಕೇಳಿಸ್ಕೋ. ನಿಮ್ಮ ಮಾವ ಆಸ್ಪತ್ರೆ ಸೇರ್ದಾಗ ನೀನಾಗೇ ಬಂದೆ. ನಾನು ಕರೆದಿದ್ದಲ್ಲ. ನಾನು ಕರೀಬೇಕಾಗಿತ್ತು. ನೀನು ಬಂದ್ಬಿಟ್ಟೆ, ನನಗೆ ಕರೆಯೋ ಅವಕಾಶವೇ ಇಲ್ದೆ ಹೋಯ್ತು. ಅದು ಇವತ್ತಿಗೂ ಹೊಟ್ಟೇಲಿ ಕೂತಿದೆ.”

ಇಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಮಗಳೇ ಎಂದದ್ದು ಅದೇ ಮೊದಲು. ನಾನು ಅಳುತ್ತಲೇ ಹೇಳಿದೆ. ಯಾವ ಇಂಗ್ಲಿಷ್ ಹೇಳಿದೆನೋ, ಆಂಟಿಗೆ ಏನು ತಿಳಿಯಿತೋ. ಆಂಟಿ ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅತ್ತೆ ಕೊನೆಗೆ ಇನ್ನೊಂದು ಮಾತು ಸೇರಿಸಿದರು: ನಿಮ್ಮ ಅಳಿಯ ತಾನಾಗಿ ಬರುವ ಹಾಗೆ ಮಾಡಬೇಡಿ, ಅವನು ಬರುವ ಮುಂಚೆ ನೀವು ಕರೆಯಿರಿ. ಅದನ್ನೂ ಹೇಳಿದೆ.  ಆಂಟಿ ಎದ್ದು ಒಳಗೆ ಹೋಗಿ ಮೂರು ಕಿತ್ತಳೆ ಹಣ್ಣು ತಂದು ನಮ್ಮ ಮುಂದೆ ಇಟ್ಟರು. ಸುಲಿದು ತಿಂದು ಎದ್ದು ಬಂದೆವು.

ಮರುದಿನ ಮತದಾನ. ನಾನೂ ನನ್ನ ಗಂಡನೂ ಇಲ್ಲಿಯ ಪ್ರಜೆಗಳಾದ ಮೇಲೆ ಬಂದ ಮೊದಲ ಎಲೆಕ್ಷನ್. ಆಂಟಿಯನ್ನು ನಾವೇ ಕರೆದುಕೊಂಡು ಹೋಗುವುದೆಂದು ಮಗಳೊಂದಿಗೆ ಮೊದಲೇ ಮಾತಾಗಿತ್ತು. ಮಗಳಿಗೆ ಅಂದು ಡ್ಯೂಟಿ, ಇಲ್ಲಿ ವೋಟು ಹಾಕದಿದ್ದರೆ ಪಟ್ಟಿಯಿಂದ ಹೆಸರೇ ತೆಗೆದುಹಾಕುತ್ತಾರೆ. ಬೆಳಿಗ್ಗೆ ಹೊರಡೋಣವೆಂದು ಬಾಗಿಲು ತೆಗೆದರೆ ಕಾರಿಡಾರಿನ ಕೊನೆಯಲ್ಲಿ, ಲಿಫ್ಟಿನ ಹತ್ತಿರ, ಒಬ್ಬರು ನಿಂತಿದ್ದರು. ಐವತ್ತು ದಾಟಿದ ಮನುಷ್ಯ, ನರೆತ ಮೀಸೆ, ಇಸ್ತ್ರಿ ಮಾಡಿದ ಶರ್ಟು. ಮುಂದೆ ಬರಲೋ ಬೇಡವೋ ಎನ್ನುವಂತೆ ನಿಂತಿದ್ದರು. ಅತ್ತೆ ನೋಡಿದ ಕೂಡಲೇ ಹಡಗಿನವರು ಎಂದು ಪಿಸುಗುಟ್ಟಿದರು.

ನಾನು ಹೋಗಿ ಮಾತಾಡಿಸಿದೆ. ಬೆಳಗಾಗುವ ಮುಂಚೆಯೇ ಆಂಟಿ ಫೋನ್ ಮಾಡಿದ್ದರಂತೆ. ಮಗಳ ಫೋನಿಗಲ್ಲ, ಇವರ ಫೋನಿಗೆ. ನನ್ನ ನಂಬರು ಅವರ ಹತ್ತಿರ ಇದೆ ಎಂದೇ ನನಗೆ ಗೊತ್ತಿರಲಿಲ್ಲ ಎಂದರು. ವೋಟಿಗೆ ಹೋಗಬೇಕು, ತಳ್ಳಲು ಜನ ಬೇಕು ಎಂದರಂತೆ. ಅಷ್ಟು ಹೇಳಿ ಫೋನ್ ಇಟ್ಟರಂತೆ. ಇಷ್ಟು ಹೇಳುವಾಗ ಆ ಮನುಷ್ಯ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ಬನ್ನಿ ಎಂದು ಕರೆದುಕೊಂಡು ಹೋದೆ. ಗೇಟು ಆಗಲೇ ತೆರೆದಿತ್ತು. ಆಂಟಿ ಗಾಲಿಕುರ್ಚಿಯಲ್ಲಿ ಕೂತು, ಕೂದಲು ಬಾಚಿಕೊಂಡು, ಗುರುತಿನ ಚೀಟಿ ಕೈಯಲ್ಲಿ ಹಿಡಿದು ಸಿದ್ಧವಾಗಿದ್ದರು. ಅಳಿಯ ಹೊಕ್ಕಿಯೆನ್‌ನಲ್ಲಿ ಏನೋ ಕೇಳಿದರು. ಆಂಟಿ ಬೆಚ್ಚಿ ಮುಖ ನೋಡಿದರು. ತನ್ನ ಭಾಷೆ ಅವನಿಗೆ ಬರುತ್ತದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅವರ ಎದುರಿಗೆ ಮಾತಾಡುವ ಸಂದರ್ಭವೇ ಅವನಿಗೆ ಬಂದಿರಲಿಲ್ಲವಲ್ಲ. ಚಿಕ್ಕಂದಿನಲ್ಲಿ ಹೊಕ್ಕಿಯೆನ್ ಹುಡುಗರ ಜೊತೆಗೇ ಬೆಳೆದದ್ದು ಎಂದು ಅಳಿಯ ಆಮೇಲೆ ನನಗೆ ಹೇಳಿದರು.

ಮತಗಟ್ಟೆ ಹತ್ತಿರದ ಶಾಲೆಯಲ್ಲಿ. ದಾರಿಯುದ್ದಕ್ಕೂ ಅವರಿಬ್ಬರೂ ಮಾತಾಡಲಿಲ್ಲ. ಕಾಲುದಾರಿಯ ಉಬ್ಬು ಬಂದಾಗಲೆಲ್ಲ ಅಳಿಯ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ನಿಧಾನಕ್ಕೆ ದಾಟಿಸುತ್ತಿದ್ದರು. ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡಿ ಪಳಗಿದ ಕೈ ಎಂದು ನನ್ನ ಗಂಡ ಮೆಚ್ಚಿಕೊಂಡರು. ಅತ್ತೆ ನಮ್ಮ ಹಿಂದೆ ಬಂದು ಶಾಲೆಯ ಹೊರಗಿನ ಬೆಂಚಿನ ಮೇಲೆ ಕೂತರು. ಅಳಿಯನ ಮತಗಟ್ಟೆ ಅವರ ಮನೆಯ ಕಡೆ. ಆದ್ದರಿಂದ ಅವರೂ ಒಳಗೆ ಬರುವ ಹಾಗಿರಲಿಲ್ಲ. ಬಾಗಿಲಲ್ಲಿ ಅಧಿಕಾರಿಯೊಬ್ಬರು ಆಂಟಿಯ ಕುರ್ಚಿ ಹಿಡಿದುಕೊಂಡು ಒಳಗೆ ಕರೆದೊಯ್ದರು.

ನಾನು ಗುರುತು ಒತ್ತಿ, ಚೀಟಿ ಪೆಟ್ಟಿಗೆಗೆ ಹಾಕಿ, ಅಭ್ಯಾಸಬಲದಿಂದ ಅಲ್ಲಿದ್ದ ಅಧಿಕಾರಿಯ ಮುಂದೆ ಎಡಗೈಯ ತೋರುಬೆರಳು ಚಾಚಿ ನಿಂತೆ. ಆ ಹೆಣ್ಣುಮಗಳು ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು, ಗಾಯವಾಗಿದೆಯೇ ಎಂದು ಕೇಳಿದಳು. ಇಲ್ಲಿ ಶಾಯಿ ಹಚ್ಚುವುದಿಲ್ಲ. ಹೇಗೆ ಹೇಳುವುದು ಅವಳಿಗೆ, ಭಾರತಕ್ಕೆಲ್ಲ ಆ ಶಾಯಿ ಹೋಗುವುದೇ ನಮ್ಮ ಮೈಸೂರಿನಿಂದ ಎಂದು. ಏನೂ ಇಲ್ಲ ಎಂದು ಬೆರಳು ಮಡಚಿಕೊಂಡು ಹೊರಗೆ ಬಂದೆ.

ಹೊರಗೆ ಅತ್ತೆಯೂ ಅಳಿಯನೂ ಒಂದೇ ಬೆಂಚಿನಲ್ಲಿ ಕೂತು ತಮಿಳಿನಲ್ಲಿ ಮಾತಾಡುತ್ತಿದ್ದರು. ಮೈಸೂರಿನಲ್ಲಿ ಕಲಿತ ಅತ್ತೆಯ ಹರಕುಮುರುಕು ತಮಿಳಿಗೆ ಆತ ನಗುತ್ತಿದ್ದರು. ಅಷ್ಟರಲ್ಲಿ ಅಧಿಕಾರಿ ಆಂಟಿಯನ್ನು ಹೊರಗೆ ತಂದು ಬಿಟ್ಟರು. ಅಳಿಯ ನಗು ನಿಲ್ಲಿಸಿ ಎದ್ದು ನಿಂತರು. ಆಂಟಿ ಅವರನ್ನು ನೋಡಲಿಲ್ಲ. ನನ್ನನ್ನು ಹತ್ತಿರಕ್ಕೆ ಕರೆದು, ಅತ್ತೆಯ ಕಡೆ ಬೆರಳು ತೋರಿಸಿ, ಅವರಿಗೆ ಹೇಳು ಎಂದರು. ಏನು ಹೇಳಲಿ ಎಂದೆ.

“ಮನೆ ನನ್ನ ಅಳಿಯನಿಗೆ ಕೊಡೋಕೆ ಹೇಳು.”

ಮಗಳಿಗೆ ಎನ್ನಲಿಲ್ಲ. ಅತ್ತೆಗೆ ನಾನು ಕನ್ನಡದಲ್ಲಿ ಹೇಳಬೇಕಾಗಿಯೇ ಬರಲಿಲ್ಲ. ಅಳಿಯನ ಮುಖ ನೋಡಿಯೇ ಅವರಿಗೆ ತಿಳಿದಿತ್ತು. ಆ ಮನುಷ್ಯ ಕುರ್ಚಿಯ ಹಿಂದೆ ಬಂದು ಎರಡು ಹಿಡಿಕೆಗಳನ್ನೂ ಹಿಡಿದುಕೊಂಡರು, ಆದರೆ ತಳ್ಳಲಿಲ್ಲ, ಸುಮ್ಮನೆ ನಿಂತುಬಿಟ್ಟರು. ಆಂಟಿ ಸ್ವಲ್ಪ ಹೊತ್ತು ಕಾದು, ಹಿಂದಕ್ಕೆ ಕೈ ಹಾಕಿ ಅವರ ಕೈಯನ್ನು ಎರಡು ಸಲ ತಟ್ಟಿ, ಬಿಸಿಲು ಏರುತ್ತಿದೆ, ಮನೆಗೆ ಹೋಗೋಣ ಎಂದರು.